ಹತ್ತರಿಂದ ಒಂದು ಗಂಟೆಯವರೆಗಿನ ಕೆಲಸ ಎಲ್ಲಿದೆ?

ಸ್ಪೀಚ್ ಥೆರಪಿ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚಿದೆ. ವಾರಕ್ಕೆ ಮೂರು ದಿನ ನಾನು ಅಲ್ಲಿ ಕೂರುತ್ತೇನೆ. ಒಳಗೆ ನನ್ನ ಮಗ ಇರುತ್ತಾನೆ. ಏಳು ವರ್ಷ, ಆಟಿಸಂ ಇದೆ. ಸೆಷನ್ ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆಯಲ್ಲಿ ಬೆಂಚಿನ ಮೇಲೆ ಏನೇನು ಕೆಲಸ ನಡೆಯುತ್ತದೆ ಅಂತ ನೋಡಬೇಕು ನೀವು. ಒಬ್ಬರು ಸೀರೆಯ ಸೆರಗನ್ನು ಪುಟ್ಟ ದಿಂಬಿಗೆ ಪಿನ್ನು ಹಾಕಿ ಸಿಕ್ಕಿಸಿ, ತೊಡೆ ಮೇಲಿಟ್ಟುಕೊಂಡು ಕುಚ್ಚು ಕಟ್ಟುತ್ತಾರೆ. ಎಳೆ ಎಣಿಸುವುದು, ಮಣಿ ಪೋಣಿಸುವುದು, ಗಂಟು ಹಾಕುವುದು, ಕತ್ತರಿಸುವುದು. ಕಣ್ಣು ಮಾತ್ರ ಆಗಾಗ ಬಾಗಿಲ ಕಡೆ. ಪಕ್ಕದವರು ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಯಾರೋ ಆಡಿಟರ್‌ಗೆ ಜಿಎಸ್‌ಟಿ ಬಿಲ್ ಎಂಟ್ರಿ ಮಾಡುತ್ತಾರೆ. ಇನ್ನೊಬ್ಬರು ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿರುತ್ತಾರೆ. ಅವರ ಮಗಳಿಗೆ ರಾತ್ರಿ ಹೊತ್ತು ಫಿಟ್ಸ್ ಬರುತ್ತದೆ.

ಈ ಬೆಂಚಿನ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಒಂದೇ. 'ಅಕ್ಕಾ, ಹತ್ತರಿಂದ ಒಂದರವರೆಗೆ ಎಲ್ಲಾದ್ರೂ ಕೆಲಸ ಇದ್ರೆ ಹೇಳಿ.'

ಯಾಕೆ ಹತ್ತರಿಂದ ಒಂದು? ಲೆಕ್ಕ ಸುಲಭ. ನಮ್ಮ ಕಡೆಯ ಎಷ್ಟೋ ವಿಶೇಷ ಶಾಲೆಗಳು ಅರ್ಧ ದಿನ ಮಾತ್ರ. ಮಗುವನ್ನು ಬಿಟ್ಟು ಬಂದು, ಮತ್ತೆ ಕರೆತರಲು ಹೋಗುವ ನಡುವೆ ಉಳಿಯುವುದು ಮೂರು ಗಂಟೆ. ಮಧ್ಯಾಹ್ನ ಥೆರಪಿ. ಸಂಜೆ ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳು. ಸಾಮಾನ್ಯ ಶಾಲೆಗೆ ಹೋಗುವ ಮಗುವಾದರೆ ಗಂಟೆ ಜಾಸ್ತಿ ಸಿಗುತ್ತದೆ, ನಿಜ. ಆದರೆ ಹನ್ನೊಂದೂವರೆಗೆ ಫೋನ್ ಬರುತ್ತದೆ. 'ಇವತ್ತು ಕೂರ್ತಾನೇ ಇಲ್ಲ ಮೇಡಂ, ಬಂದು ಕರ್ಕೊಂಡು ಹೋಗಿ.'

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಸೇರಿಹೋಗಿವೆ. ಕಡಿಮೆ ಗಂಟೆಯ ಕೆಲಸ ಒಂದು. ಗಂಟೆಯನ್ನು ಹಿಂದೆ ಮುಂದೆ ಸರಿಸಲು ಬಿಡುವ ಕೆಲಸ ಇನ್ನೊಂದು. ಕ್ಲಿನಿಕ್‌ನಲ್ಲಿ ಹತ್ತರಿಂದ ಒಂದರವರೆಗೆ ರಿಸೆಪ್ಷನ್ ನೋಡಿಕೊಳ್ಳುವುದು ಪಾರ್ಟ್ ಟೈಮ್ ಹೌದು, ಆದರೆ ಹನ್ನೊಂದೂವರೆಯ ಫೋನಿಗೆ ಎದ್ದು ಹೋಗುವಂತಿಲ್ಲ. ಐಟಿ ಕಂಪನಿಯ ವರ್ಕ್ ಫ್ರಮ್ ಹೋಮ್‌ನಲ್ಲಿ ಎದ್ದು ಹೋಗಬಹುದು, ಆದರೆ ಒಂಬತ್ತು ಗಂಟೆಯ ಲಾಗಿನ್ ತೋರಿಸಲೇಬೇಕು. ಉಳಿದ ಅಮ್ಮಂದಿರಿಗೆ ಇದರಲ್ಲಿ ಒಂದು ಸಿಕ್ಕರೆ ಹೇಗೋ ಸಾಗುತ್ತದೆ. ನಮಗೆ ಎರಡೂ ಬೇಕು. ಎರಡೂ ಒಟ್ಟಿಗೆ ಇರುವ ಕೆಲಸ ಅಂತ ಹುಡುಕಿದರೆ ಕೊನೆಗೆ ಸಿಗುವುದು ಕುಚ್ಚು, ಫಾಲ್ ಹೊಲಿಯುವುದು, ಚಪಾತಿ-ಹೋಳಿಗೆ ಆರ್ಡರ್, ಟ್ಯೂಷನ್, ಎಂಟ್ರಿ ಕೆಲಸ.

ಕುಚ್ಚು ಕಟ್ಟುವವರನ್ನು ಒಮ್ಮೆ ಕೇಳಿದ್ದೆ. ಸಾದಾ ಕುಚ್ಚಿಗೆ ಅಂಗಡಿಯವರು ಅವರಿಗೆ ಕೊಡುವುದು ನೂರರ ಆಸುಪಾಸು. ಒಂದು ಸೀರೆಗೆ ಮೂರು ಗಂಟೆ ಬೇಕು, ಮಗಳು ಕರೆಯದಿದ್ದರೆ. ನಾನು ಮಗನ ಒಂದು ಥೆರಪಿ ಸೆಷನ್‌ಗೆ ಕೊಡುವುದು ₹800. ಅಂದರೆ ಮುಕ್ಕಾಲು ಗಂಟೆಯ ಥೆರಪಿಗೆ ಎಂಟು ಸೀರೆ.

ಇಂಥ ಮನೆಗಳಲ್ಲಿ ಕೆಲಸ ಬಿಡುವುದು ಹೆಚ್ಚಾಗಿ ಅಮ್ಮನೇ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದರಲ್ಲಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ. ಗಂಡಸರದು 88 ನಿಮಿಷ. ಇದು ಎಲ್ಲ ಬಗೆಯ ಮನೆಗಳ ಲೆಕ್ಕ. ನಡೆಯಲಾರದ, ಮಾತಾಡಲಾರದ ಮಗುವಿರುವ ಮನೆಯಲ್ಲಿ ಇದರ ಮೇಲೆ ಇನ್ನೆಷ್ಟು ಸೇರುತ್ತದೆ ಅಂತ ಯಾವ ಅಮ್ಮನನ್ನು ಕೇಳಿದರೂ ಹೇಳುತ್ತಾಳೆ. ಅಪ್ಪಂದಿರಿಗೆ ಪ್ರೀತಿ ಇಲ್ಲ ಅಂತಲ್ಲ. ಮನೆಯಲ್ಲಿ ಒಬ್ಬರ ಸಂಬಳ, ಒಬ್ಬರ ಇನ್ಶೂರೆನ್ಸ್ ಉಳಿಯಲೇಬೇಕು. ಯಾರ ಸಂಬಳ ಜಾಸ್ತಿಯೋ ಅವರದು ಉಳಿಯುತ್ತದೆ. ಗಂಡ ಇಲ್ಲದ ಮನೆಯಲ್ಲಿ ಈ ಆಯ್ಕೆಯೂ ಇಲ್ಲ.

ಚಿಕಿತ್ಸೆಯ ವ್ಯವಸ್ಥೆಯೂ ಅಮ್ಮ ಮನೆಯಲ್ಲೇ ಇರುತ್ತಾಳೆ ಅಂತ ಎಣಿಸಿಯೇ ಕಟ್ಟಿದ್ದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ಮಕ್ಕಳ ಜತೆ ಅಮ್ಮಂದಿರೂ ಕೂತು ಕಲಿಯುತ್ತಾರೆ. ಅದು ಒಳ್ಳೆಯ ಪದ್ಧತಿ, ಅದರ ಬಗ್ಗೆ ನನಗೆ ಅನುಮಾನವೇ ಇಲ್ಲ. ವಾರದಲ್ಲಿ ಎರಡು ಗಂಟೆ ಥೆರಪಿಸ್ಟ್ ಮಾಡಿಸುವುದನ್ನು ಉಳಿದ ದಿನವೆಲ್ಲ ಮನೆಯಲ್ಲಿ ಮಾಡಿಸಿದರೇ ಮಗುವಿಗೆ ಹತ್ತುವುದು. ಸರ್ಕಾರಿ ಶಾಲೆಗಳ ಕಡೆಯಿಂದ ಬರುವ ಬಿಐಇಆರ್‌ಟಿ ಶಿಕ್ಷಕರೂ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಇರುವ ಶಿಕ್ಷಕರೂ, ಮನೆಗೆ ಬಂದು ತೋರಿಸಿಕೊಡುವುದು ಅಮ್ಮನಿಗೇ. ಎಲ್ಲರೂ ಹೇಳುವುದು ಒಂದೇ, 'ಮನೆಯಲ್ಲಿ ಮಾಡಿಸಿ'. ಮಾಡಿಸುವವರು ಎಂಟು ಗಂಟೆ ಕೆಲಸಕ್ಕೆ ಹೋಗುತ್ತಿರಬಹುದು ಅನ್ನುವುದು ಆ ಕಾರ್ಯಕ್ರಮದ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ? ಸರ್ಕಾರಿ ನೌಕರಿಯಲ್ಲಿದ್ದರೆ ಪರವಾಗಿಲ್ಲ ಅನ್ನಬಹುದು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 730 ದಿನ ಮಕ್ಕಳ ಪಾಲನಾ ರಜೆ ಇದೆ. ಸಾಮಾನ್ಯವಾಗಿ ಮಗುವಿಗೆ 18 ವರ್ಷ ತುಂಬುವವರೆಗೆ ಮಾತ್ರ. ಮಗುವಿಗೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇದ್ದರೆ ವಯಸ್ಸಿನ ಮಿತಿ ಇಲ್ಲ. ಅಂಗವಿಕಲ ಮಗುವನ್ನು ನೋಡಿಕೊಳ್ಳುವ ನೌಕರರನ್ನು ಮಾಮೂಲಿ ವರ್ಗಾವಣೆಯಿಂದ ಬಿಡಬೇಕು ಅಂತ 2014ರಲ್ಲಿ ಕೇಂದ್ರದ ಆದೇಶ ಬಂತು. ಕರ್ನಾಟಕ ತನ್ನ ಮಹಿಳಾ ನೌಕರರಿಗೆ 2021ರಲ್ಲಿ 180 ದಿನದ ಪಾಲನಾ ರಜೆ ಕೊಟ್ಟಿತು.

ಎಲ್ಲ ರಾಜ್ಯಗಳಲ್ಲೂ ಇಷ್ಟೂ ಇರಲಿಲ್ಲ. ಹಿಮಾಚಲ ಪ್ರದೇಶದ ನಾಲಾಗಢದ ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕಿಯೊಬ್ಬರ ಮಗನಿಗೆ ಮೂಳೆ ಸುಲಭವಾಗಿ ಮುರಿಯುವ ಹುಟ್ಟು ಕಾಯಿಲೆ. ಆಪರೇಷನ್ ಮೇಲೆ ಆಪರೇಷನ್. ಅವರ ರಜೆಯೆಲ್ಲ ಮುಗಿಯಿತು. ಪಾಲನಾ ರಜೆ ಕೇಳಿದರೆ, ಆ ನಿಯಮವನ್ನು ನಮ್ಮ ರಾಜ್ಯ ಅಳವಡಿಸಿಕೊಂಡಿಲ್ಲ ಅಂದರು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 2024ರ ಏಪ್ರಿಲ್ 22ರಂದು ಕೋರ್ಟ್ ಹೇಳಿದ್ದನ್ನು ನಾನು ಎಷ್ಟೋ ಜನರಿಗೆ ಓದಿ ಹೇಳಿದ್ದೇನೆ. ಹೆಣ್ಣುಮಕ್ಕಳು ಕೆಲಸದಲ್ಲಿ ಇರುವುದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಸೌಲಭ್ಯವಲ್ಲ, ಅದು ಸಂವಿಧಾನವೇ ಬಯಸುವಂಥದ್ದು ಅನ್ನುವುದು ಅದರ ಸಾರ. ವಿಶೇಷ ಅಗತ್ಯದ ಮಕ್ಕಳ ತಾಯಂದಿರ ವಿಷಯ ನೋಡಲು ಮುಖ್ಯ ಕಾರ್ಯದರ್ಶಿಯ ಕೈಕೆಳಗೆ ಒಂದು ಸಮಿತಿ ಮಾಡಿ ಅಂತ ಆ ರಾಜ್ಯಕ್ಕೆ ಹೇಳಿತು.

ಇಷ್ಟೆಲ್ಲ ಸರ್ಕಾರಿ ನೌಕರರ ಮಾತಾಯಿತು. ಗಾರ್ಮೆಂಟ್ಸ್‌ನಲ್ಲಿ, ಅಂಗಡಿಯಲ್ಲಿ, ಖಾಸಗಿ ಶಾಲೆಯಲ್ಲಿ, ಐಟಿಯಲ್ಲಿ ದುಡಿಯುವವರಿಗೆ ಇಂಥ ರಜೆಯ ಹಕ್ಕು ಯಾವುದೂ ಇಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದ 26 ವಾರದ ರಜೆ ಬಂತು, 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಬಂತು. ಒಳ್ಳೆಯದೇ. ಆದರೆ ನಮ್ಮ ಮಕ್ಕಳ ತೊಂದರೆ ಗೊತ್ತಾಗುವುದೇ ಎರಡು-ಮೂರು ವರ್ಷದ ಮೇಲೆ. ಆ ಹೊತ್ತಿಗೆ ರಜೆ ಮುಗಿದು ಎಷ್ಟೋ ಕಾಲವಾಗಿರುತ್ತದೆ. ಐದಾರು ವರ್ಷ ದಾಟಿದ ಮೇಲೆ ಮಾಮೂಲಿ ಶಿಶುಪಾಲನಾ ಕೇಂದ್ರದ ಬಾಗಿಲೂ ಮುಚ್ಚುತ್ತದೆ. ಡೈಪರ್ ಇನ್ನೂ ಬಿಡದ ಒಂಬತ್ತು ವರ್ಷದ ಮಗುವನ್ನು ಯಾರು ಸೇರಿಸಿಕೊಳ್ಳುತ್ತಾರೆ?

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದನ್ನೆಲ್ಲ ಸ್ವಲ್ಪ ಯೋಚಿಸಿತ್ತು. 'ಆರೈಕೆದಾರರು' ಅಂದರೆ ಯಾರು ಅಂತ ಅದು ಬಿಡಿಸಿ ಹೇಳುತ್ತದೆ. ಹಣ ಪಡೆದೋ ಪಡೆಯದೆಯೋ ಆರೈಕೆ ಮಾಡುವ ಯಾರೇ ಆಗಲಿ, ತಂದೆತಾಯಿಯೂ ಸೇರಿ. ಸರ್ಕಾರದ ಯೋಜನೆಗಳಲ್ಲಿ ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯೂ ಇರಬೇಕು ಅಂತ 24ನೇ ಸೆಕ್ಷನ್‌ನಲ್ಲಿ ಇದೆ. ಆದರೆ ಎಷ್ಟು, ಯಾರಿಗೆ ಅನ್ನುವುದು ಸರ್ಕಾರಗಳಿಗೆ ಬಿಟ್ಟಿದ್ದು. ಕೇರಳದಲ್ಲಿ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ ₹600. ಕರ್ನಾಟಕದ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ₹1,000 ಘೋಷಿಸಿದರು. ಆ ಹೆಸರುಗಳಲ್ಲಿ ಆಟಿಸಂ ಇರಲಿಲ್ಲ. ಬೌದ್ಧಿಕ ಅಂಗವೈಕಲ್ಯವೂ ಇರಲಿಲ್ಲ. ಬಜೆಟ್ ದಿನ ಟಿವಿ ಮುಂದೆ ಕೂತು ಹೆಸರುಗಳನ್ನು ಒಂದೊಂದಾಗಿ ಕೇಳಿಸಿಕೊಂಡವಳು ನಾನು.

ಬ್ರಿಟನ್‌ನಲ್ಲಿ ಇರುವ ಕನ್ನಡದ ಗೆಳತಿಯರು ಇದನ್ನೇ ಬೇರೆ ಥರ ಹೇಳುತ್ತಾರೆ. ಅಲ್ಲಿ ಕೆಲಸದ ವೇಳೆ ಬದಲಿಸಿಕೊಡಿ ಅಂತ ಕೇಳುವುದೇ ಒಂದು ಕಾನೂನಿನ ಹಕ್ಕು. 2003ರಲ್ಲಿ ಅದು ಶುರುವಾದಾಗ ಮೊದಲು ಕೊಟ್ಟಿದ್ದು ಇಬ್ಬರಿಗೆ. ಆರು ವರ್ಷದೊಳಗಿನ ಮಕ್ಕಳ ಪೋಷಕರಿಗೆ, ಮತ್ತೆ 18 ವರ್ಷದೊಳಗಿನ ಅಂಗವಿಕಲ ಮಕ್ಕಳ ಪೋಷಕರಿಗೆ. 2014ರಲ್ಲಿ ಎಲ್ಲ ನೌಕರರಿಗೂ ಹಬ್ಬಿತು. 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಬಹುದು. ಮಾಲೀಕರು ಆಗುವುದಿಲ್ಲ ಅನ್ನಬಹುದು, ಆದರೆ ಸುಮ್ನೆ ಅನ್ನುವಂತಿಲ್ಲ. ಕಾನೂನು ಒಪ್ಪುವ ಕಾರಣ ಕೊಡಬೇಕು. ಅದೇ ದಿನದಿಂದ ವರ್ಷಕ್ಕೆ ಒಂದು ವಾರ, ಸಂಬಳವಿಲ್ಲದೆ, ಆರೈಕೆಗೆ ಅಂತ ರಜೆಯೂ ಬಂತು. ಬಹಳ ದೊಡ್ಡದೇನಲ್ಲ. ಆದರೂ ಆ ಮಾತುಕತೆ ಶುರುವಾಗುವ ಜಾಗವೇ ಬೇರೆ. ಇಲ್ಲಿ ನಾವು ಮ್ಯಾನೇಜರ್ ಮುಂದೆ ನಿಂತು ಮಗುವಿನ ಕಾಯಿಲೆಯ ಕತೆ ಹೇಳಿ ಪರ್ಮಿಷನ್ ಬೇಡುತ್ತೇವೆ. ಮ್ಯಾನೇಜರ್ ಒಳ್ಳೆಯವರಾದರೆ ನಡೆಯುತ್ತದೆ, ಅವರು ಬದಲಾದರೆ ನಿಲ್ಲುತ್ತದೆ. ನನ್ನ ಹಳೆಯ ಆಫೀಸಿನಲ್ಲಿ ನನಗೆ ಆಗಿದ್ದು ಅದೇ. ಎರಡು ವರ್ಷ ಚೆನ್ನಾಗಿಯೇ ನಡೆದ ಏರ್ಪಾಡು ಹೊಸ ಟೀಮ್‌ನಲ್ಲಿ ಎರಡು ವಾರಕ್ಕೆ ಮುಗಿಯಿತು.

ಖಾಸಗಿ ಕಂಪನಿಗಳಿಗೆ ಸರ್ಕಾರ ಹೇಗೆ ಹೇಳಲು ಆಗುತ್ತದೆ ಅಂತ ಕೆಲವರು ಕೇಳುತ್ತಾರೆ. ಕರ್ನಾಟಕ ಸರ್ಕಾರ 2025ರ ಕೊನೆಯಲ್ಲಿ ಖಾಸಗಿ ಕಡೆಯವರೂ ಸೇರಿ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನ ಮುಟ್ಟಿನ ರಜೆ ಕೊಡಬೇಕು ಅಂತ ಆದೇಶ ಹೊರಡಿಸಿತು. ಅದರ ವಿರುದ್ಧ ಹೈಕೋರ್ಟಿಗೆ ಹೋದವರೂ ಇದ್ದಾರೆ. ಕೋರ್ಟಿನ ಮಾತು ಬೇರೆ, ಹೇಳುವ ಮನಸ್ಸು ಸರ್ಕಾರಕ್ಕೆ ಇದೆ ಅನ್ನುವುದಂತೂ ಕಂಡಿತು. ವೇಳೆ ಬದಲಿಸಿ ಅಂತ ಕೇಳುವ ಹಕ್ಕು ಅದಕ್ಕಿಂತ ಹಗುರದ ಬೇಡಿಕೆ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಜಾಸ್ತಿ ಕಾಡುವ ವಿಷಯಕ್ಕೆ ಬರುತ್ತೇನೆ. ಈ ಕುರಿತ ಮಾತೆಲ್ಲ ಗಂಟೆಯ ಸುತ್ತಲೇ ತಿರುಗುತ್ತದೆ. ಎಷ್ಟು ಗಂಟೆ, ಮನೆಯಿಂದಲೋ ಆಫೀಸಿನಿಂದಲೋ. ಆ ಕೆಲಸ ರೋಲ್‌ನಲ್ಲಿ, ಅಂದರೆ ಸಂಸ್ಥೆಯ ನೌಕರರ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ಕೇಳುವವರು ಕಡಿಮೆ. ನಾವು ಕೇಳಲೇಬೇಕು. ಯಾಕೆಂದರೆ ನಮ್ಮಂಥ ಅಪ್ಪ ಅಮ್ಮಂದಿರಿಗೆ ರಾತ್ರಿ ನಿದ್ದೆ ಬಿಡಿಸುವ ಪ್ರಶ್ನೆ ಒಂದೇ, 'ನಮ್ಮ ನಂತರ ಇವನನ್ನು ಯಾರು ನೋಡ್ಕೋತಾರೆ?' ಆ ಪ್ರಶ್ನೆಗೆ ಪೂರ್ತಿ ಉತ್ತರ ಯಾರ ಹತ್ತಿರವೂ ಇಲ್ಲ. ಒಂದು ಚೂರು ಉತ್ತರ ಮಾತ್ರ ಪಿಎಫ್ ಕಾಗದದಲ್ಲಿದೆ.

1995ರ ನೌಕರರ ಪಿಂಚಣಿ ಯೋಜನೆ, ಅಂದರೆ ಪಿಎಫ್ ಜತೆಗೇ ಬರುವ ಇಪಿಎಸ್, ಸದಸ್ಯರು ತೀರಿಕೊಂಡರೆ ಮಕ್ಕಳಿಗೆ 25 ವರ್ಷದವರೆಗೆ ಪಿಂಚಣಿ ಕೊಡುತ್ತದೆ. ಮಗು ಶಾಶ್ವತವಾಗಿ, ಪೂರ್ತಿಯಾಗಿ ಅಂಗವಿಕಲವಾಗಿದ್ದರೆ ವಯಸ್ಸಿನ ಮಿತಿ ಇಲ್ಲ, ಬದುಕಿರುವವರೆಗೂ ಬರುತ್ತದೆ. ಸೇವೆಯಲ್ಲಿರುವಾಗಲೇ ಸಾವು ಬಂದರೆ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಮೊತ್ತ ಸಣ್ಣದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದರ ಜತೆಗೇ ಇಡಿಎಲ್‌ಐ ಅನ್ನುವ ವಿಮೆಯೂ ಇದೆ. ಸೇವೆಯಲ್ಲಿರುವ ಸದಸ್ಯರು ತೀರಿಕೊಂಡರೆ ಮನೆಯವರಿಗೆ ₹7 ಲಕ್ಷದವರೆಗೆ. ಇದಕ್ಕೆ ನೌಕರರು ಕೈಯಿಂದ ಕಟ್ಟುವುದು ಏನೂ ಇಲ್ಲ.

ಅರ್ಧ ದಿನದ ಕೆಲಸಕ್ಕೆ ಇದೆಲ್ಲ ಅನ್ವಯಿಸುವುದಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ತಪ್ಪು. ಪಾರ್ಟ್ ಟೈಮ್ ಅನ್ನುವ ಕಾರಣಕ್ಕೇ ಪಿಎಫ್ ತಪ್ಪಿಸಲು ಆಗುವುದಿಲ್ಲ. 20 ಜನ ಇರುವ ಸಂಸ್ಥೆಗೆ ಪಿಎಫ್, 10 ಜನ ಇರುವ ಕಡೆ ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ. 2014ರಲ್ಲಿ ಗೊತ್ತು ಮಾಡಿದ ಪಿಎಫ್ ಮಿತಿ ₹15,000 ಸಂಬಳ, ಇಎಸ್‌ಐ ಮಿತಿ ₹21,000. ಅರ್ಧ ಸಂಬಳ ಅಂದರೆ ಬಹಳಷ್ಟು ಸಲ ಈ ಮಿತಿಯೊಳಗೇ ಬರುತ್ತದೆ. ಇಎಸ್‌ಐಗೆ ನೌಕರರ ಪಾಲು ಶೇ 0.75 ಮಾತ್ರ. ಮಗುವಿನ ಚಿಕಿತ್ಸೆಯೂ ಅದರಲ್ಲಿ ಸೇರುತ್ತದೆ. ಹೀಗಿರುವಾಗ ನಮಗೆ ಸಿಗುವುದು ಏನು? ನೌಕರರಲ್ಲ, 'ಕನ್ಸಲ್ಟೆಂಟ್' ಅನ್ನುವ ಒಂದು ಕಾಗದ, ಮೊದಲೇ ಮುರಿದುಕೊಳ್ಳುವ ತೆರಿಗೆ ಅಂತ ಶೇ 10 ಟಿಡಿಎಸ್, ತಿಂಗಳ ಕೊನೆಗೆ ಇನ್‌ವಾಯ್ಸ್ ಕಳಿಸಿ ಅನ್ನುವ ಮೇಲ್. ವೇಳೆ ಬಗ್ಗಿಸಿ ಕೊಟ್ಟಿದ್ದಾರಲ್ಲ ಅಂತ ನಾವೂ ಕೈಮುಗಿದು ಒಪ್ಪಿಕೊಳ್ಳುತ್ತೇವೆ.

ಮನೆಯಲ್ಲಿ ಕೂತು, ತನಗೆ ಬಿಡುವಾದಾಗ ಮಾಡುವ ಕೆಲಸಕ್ಕೆ ಪಿಎಫ್ ಕೊಡಲು ಆಗುವುದೇ ಇಲ್ಲ ಅನ್ನುವವರು ದಕ್ಷಿಣ ಕನ್ನಡದ ಕಡೆ ಒಮ್ಮೆ ನೋಡಬೇಕು. ಅಲ್ಲಿ ಎಷ್ಟು ಮನೆಗಳ ಜಗಲಿಯಲ್ಲಿ ಹೆಂಗಸರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ! ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಪಕ್ಕದಲ್ಲಿ ಮಗು. ಒಲೆ ಮೇಲೆ ಅನ್ನ ಇಟ್ಟು ಬಂದು ಕಟ್ಟುವುದು, ಮಗು ಅತ್ತರೆ ಏಳುವುದು, ಮತ್ತೆ ಬಂದು ಕೂರುವುದು. ಇದಕ್ಕಿಂತ ಬಗ್ಗುವ ವೇಳೆ ಯಾವ ಕೆಲಸದಲ್ಲಿದೆ? 1966ರ ಬೀಡಿ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರು ಅಂತಲೇ ಎಣಿಸಿತು. ಅವರಿಗೂ ಪಿಎಫ್ ಕೊಡಬೇಕು ಅಂತ 1985ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬೀಡಿ ಕೆಲಸ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ತಂಬಾಕಿನ ಧೂಳು ಆ ಹೆಂಗಸರ ಎದೆಗೆ ಮಾಡಿರುವುದನ್ನು ಮರೆಯಲಾಗದು, ಕೂಲಿಯೂ ಕಡಿಮೆ. ನಾನು ಹೇಳುವುದು ಇಷ್ಟೇ. ಎಷ್ಟು ಬೀಡಿ ಕಟ್ಟಿದರು ಅಂತ ಪಾಸ್‌ಬುಕ್‌ನಲ್ಲಿ ಬರೆದುಕೊಂಡು ಅದರ ಮೇಲೆ ಪಿಎಫ್ ಕಟ್ಟಲು ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಆಗುತ್ತಿತ್ತು. ಎಷ್ಟು ಬಿಲ್ ಎಂಟ್ರಿ ಮಾಡಿದರು ಅಂತ ಸೆಕೆಂಡಿನ ಲೆಕ್ಕದಲ್ಲಿ ಗೊತ್ತಾಗುವ ಈ ಕಾಲದಲ್ಲಿ ಯಾಕೆ ಆಗುವುದಿಲ್ಲ?

ಮನೆಯಲ್ಲಿ ಮಾಡುವ ಕೆಲಸದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಒಂದು ಒಪ್ಪಂದ ಮಾಡಿದೆ, 177ನೆಯದು. ಭಾರತ ಅದನ್ನು ಅನುಮೋದಿಸಿಲ್ಲ.

ಹುಡುಕಾಟದಲ್ಲಿರುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. 'ಮನೆಯಲ್ಲೇ ಟೈಪಿಂಗ್ ಕೆಲಸ, ವಾರಕ್ಕೆ ಇಷ್ಟು ಸಾವಿರ' ಅನ್ನುವ ಮೆಸೇಜ್‌ಗಳಿಗೆ ಬಲಿಯಾಗುವವರಲ್ಲಿ ನಮ್ಮಂಥವರು ಬಹಳ. ಕೆಲಸ ಕೊಟ್ಟು, ತಪ್ಪು ಜಾಸ್ತಿ ಆಯಿತು ಅಂತ ಹೇಳಿ, ಒಪ್ಪಂದ ಮುರಿದಿದ್ದಕ್ಕೆ ದಂಡ ಕಟ್ಟಿ ಅಂತ ವಕೀಲರ ಹೆಸರಿನಲ್ಲಿ ನೋಟಿಸ್ ಕಳಿಸುತ್ತಾರೆ. ಬೆಂಚಿನ ಮೇಲಿನ ಒಬ್ಬರು ಹೆದರಿ ಮನೆಯಲ್ಲಿ ಹೇಳದೆ ದುಡ್ಡು ಕಟ್ಟಿದ್ದರು. ವಿಡಿಯೊ ಲೈಕ್ ಮಾಡಿ ಅಂತ ಮೊದಲು ನೂರಿನ್ನೂರು ಕೊಟ್ಟು, ಆಮೇಲೆ ನಮ್ಮಿಂದಲೇ ಸಾವಿರಗಟ್ಟಲೆ ಹಾಕಿಸಿಕೊಳ್ಳುವುದು ಇನ್ನೊಂದು ಬಗೆ. ಕೆಲಸ ಕೊಡುವವರು ನಮ್ಮಿಂದ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಳೆದುಕೊಂಡಿದ್ದರೆ ನಾಚಿಕೊಳ್ಳದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಿಕ್ಕವರಿಗೆ ಹೇಗೆ ಸಿಕ್ಕಿತು ಅಂತ ಕೇಳುತ್ತಾ ಬಂದಿದ್ದೇನೆ. ಹೊಸ ಕಡೆ ಅರ್ಜಿ ಹಾಕಿ ಗೆದ್ದವರು ಕಡಿಮೆ. ತಮ್ಮ ಕೆಲಸ ಗೊತ್ತಿರುವ ಹಳೆಯ ಜಾಗಕ್ಕೇ ಹೋಗಿ ಅರ್ಧ ದಿನ ಕೇಳಿದವರಿಗೆ ಜಾಸ್ತಿ ಸಿಕ್ಕಿದೆ. ಅದಕ್ಕೇ, ಸಾಧ್ಯವಾದರೆ ಕೆಲಸ ಬಿಡುವ ಮೊದಲೇ ಕೇಳಿ, ಬಿಟ್ಟ ಮೇಲೆ ಅಲ್ಲ. ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಮೇಲ್ ಹಾಕಿ. ಮಗುವಿನ ತೊಂದರೆ ಒಂದು ಸಾಲಿನಲ್ಲಿ ಸಾಕು. ಉಳಿದದ್ದೆಲ್ಲ ಕೆಲಸದ ಬಗ್ಗೆ ಇರಲಿ. ಯಾವ ಕೆಲಸ ನಾನು ಮಾಡುತ್ತೇನೆ, ಯಾವ ಹೊತ್ತಿನಲ್ಲಿ ಸಿಗುತ್ತೇನೆ, ಫೋನ್ ಬಂದು ಎದ್ದು ಹೋದರೆ ಯಾವಾಗ ತುಂಬಿಸಿಕೊಡುತ್ತೇನೆ. ಮೂರು ತಿಂಗಳು ನೋಡಿ ಅಂತ ಕೇಳಿ.

ಇನ್ನೊಂದು ದಾರಿ ಹಿಡಿದವರೂ ಇದ್ದಾರೆ, ಮಗುವಿಗಾಗಿ ಕಲಿತದ್ದನ್ನೇ ಕೆಲಸ ಮಾಡಿಕೊಂಡವರು. ವಿಶೇಷ ಶಿಕ್ಷಣದಲ್ಲಿ ಡಿ.ಎಡ್. ಅಥವಾ ಬಿ.ಎಡ್. ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಮಾಡಿಸಿ, ಸ್ಪೆಷಲ್ ಎಜುಕೇಟರ್ ಆಗುತ್ತಾರೆ. ಶಾಲೆಯ ವೇಳೆಗೇ ಕೆಲಸ, ಮಗುವಿನ ರಜೆಗೇ ರಜೆ. ಒಳ್ಳೆಯ ದಾರಿ. ಆದರೆ ಮನೆಯಲ್ಲಿ ಮಾಡಿದ್ದನ್ನೇ ಹೊರಗೂ ಮಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನನಗೆ ಇಲ್ಲ. ನನಗೆ ಅಂಕಿಅಂಶಗಳ ಕೆಲಸವೇ ಇಷ್ಟ. ಆ ಮೂರು ಗಂಟೆ ಮಗನ ಬಗ್ಗೆ ಯೋಚಿಸದೆ ಒಂದು ಎಕ್ಸೆಲ್ ಶೀಟ್ ನೋಡುತ್ತಾ ಕೂತರೆ, ಮನೆಗೆ ಹೋಗಿ ಅವನನ್ನು ನೋಡುವ ಕಣ್ಣು ಬೇರೆ ಆಗಿರುತ್ತದೆ. ಕೆಲಸ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ ಅಂತ ಹೇಳಲು ನಮ್ಮಲ್ಲಿ ತುಂಬ ಜನ ಹಿಂಜರಿಯುತ್ತಾರೆ. ಹೇಳಬೇಕು.

ಜಿಎಸ್‌ಟಿ ಬಿಲ್ ಎಂಟ್ರಿ ಮಾಡುತ್ತಿದ್ದವರು ಈಚೆಗೆ ಬೆಂಚಿಗೆ ಲ್ಯಾಪ್‌ಟಾಪ್ ತರುತ್ತಿಲ್ಲ. ಒಂದು ಗೋಡೌನ್‌ನ ಲೆಕ್ಕ ವಿಭಾಗದಲ್ಲಿ ಬೆಳಿಗ್ಗೆ ಹೊತ್ತಿನ ಕೆಲಸ ಸಿಕ್ಕಿದೆ, ವಾರದಲ್ಲಿ ಐದು ದಿನ. ಸಂಬಳ ಆಡಿಟರ್ ಕೊಡುತ್ತಿದ್ದುದಕ್ಕಿಂತ ಒಂದು ಸಾವಿರ ಕಡಿಮೆಯೇ. ಅದಕ್ಕೆ ಯಾಕೆ ಒಪ್ಪಿಕೊಂಡ್ರಿ ಅಂದೆ. ಫೋನ್ ತೆಗೆದು ಒಂದು ಸ್ಕ್ರೀನ್‌ಶಾಟ್ ತೋರಿಸಿದರು. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒದ ನಾಮಿನೇಷನ್ ಪುಟ. ಮಗಳ ಹೆಸರಿನ ಮುಂದೆ ಅಂಗವೈಕಲ್ಯದ ಕಾಲಂನಲ್ಲಿ 'ಹೌದು' ಅಂತ ತುಂಬಿತ್ತು. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ಅವರು ಫೋನ್ ಚೀಲಕ್ಕೆ ಹಾಕಿಕೊಂಡು ಮಗಳ ಶೂ ಹುಡುಕಲು ಬಗ್ಗಿದರು.